ಆಟ ಇರಲಿ, ಪಣ ಬೇಡ

ವಳಕಮದಿನ್ನಿಯಂಥ ಹಳ್ಳಿಯಲ್ಲೂ ಚೌಕಾಬಾರ ಆಡಲು ಈಗ ಕವಡೆ ಹುಡುಕಬೇಕಿಲ್ಲ. ಮೊಬೈಲಿನಲ್ಲಿ ಲೂಡೊ ಇದೆ, ಗುಂಡಿನ ಕಾಳಗದ ಬಿಜಿಎಂಐ ಇದೆ. ಇದನ್ನು ಕಂಡು ಹಿರಿಯರು ಸಿಡಿಮಿಡಿಗೊಳ್ಳುವುದು ಅರ್ಧ ಸರಿ, ಅರ್ಧ ತಪ್ಪು.

ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರು ಅರಮನೆಯಲ್ಲಿ ಕೂತು ಹೊಸ ಮಣೆಯಾಟಗಳನ್ನು ರೂಪಿಸಿದ ನಾಡು ಇದು. ಪರದೆಯ ಆಟಕ್ಕೆ ಹೌಹಾರುವುದೇಕೆ? 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕವನ್ನೇ ಕೊಟ್ಟರು.

ತೊಡಕಿರುವುದು ಪಣದಲ್ಲಿ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕಂಪನಿಗಳು ಹೈಕೋರ್ಟ್ ಮೆಟ್ಟಿಲೇರಿದವು. ಕೌಶಲದ ಆಟವನ್ನು ಜೂಜಿನ ಸಾಲಿಗೆ ಸೇರಿಸಲಾಗದೆಂದು 2022ರ ಫೆಬ್ರುವರಿಯಲ್ಲಿ ನ್ಯಾಯಾಲಯ ಆ ಕಲಮುಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ತಂದು ಬೇರೆ ದಾರಿ ಹಿಡಿಯಿತು: ಕೌಶಲವೋ ಅದೃಷ್ಟವೋ, ಹಣ ಕಟ್ಟಿ ಹಣ ಗೆಲ್ಲುವ ಆಟಕ್ಕೇ ತಡೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ, ಆಡಿದವರಿಗೆ ಶಿಕ್ಷೆಯಿಲ್ಲ. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ಗೆ ಮಾನ್ಯತೆಯನ್ನೂ ಕೊಟ್ಟಿತು. ಇದರ ಬೆನ್ನಲ್ಲೇ ಫ್ಯಾಂಟಸಿ ಕ್ರಿಕೆಟ್ ಆ್ಯಪ್ ಡ್ರೀಮ್11 ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು.

ಗೆರೆ ಬಿದ್ದಿರುವುದು ಸರಿಯಾದ ಜಾಗದಲ್ಲೇ. ಸಿಂಧನೂರು ಸೀಮೆಯ ರೈತನಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಭತ್ತ ನಾಟಿ ಮಾಡುವ ಜೂಜೊಂದೇ ಸಾಕು. ಮಗನ ಫೋನಿನಲ್ಲಿ ಇನ್ನೊಂದು ಬೇಡ.

ಆದರೆ ಕಾನೂನಿನ ಕಣ್ಣು ತಪ್ಪಿಸುವ, ಹೊರದೇಶದಿಂದ ನಡೆಯುವ ಬೆಟ್ಟಿಂಗ್ ಆ್ಯಪ್‌ಗಳಿವೆ. ಪೋಷಕರು ಫೋನ್ ಕಸಿಯುವ ಮೊದಲು ಮಕ್ಕಳ ಜತೆ ಒಮ್ಮೆ ಆಡಿ ನೋಡಲಿ. ಯುಪಿಐ ಪಿನ್ ಕೇಳುವ ಆಟವನ್ನು ಅಲ್ಲೇ ಅಳಿಸಲಿ. ಮೋಸಹೋಗಿ ಹಣ ಕಳೆದುಕೊಂಡವರು ನಾಚದೆ, ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಲಿ.