ಹಳೆಯ ಕಾರಿಗೆ ಹೊಸ ಬ್ರೇಕು

ಅರಕಲಗೂಡಿನಲ್ಲಿರುವ ನಮ್ಮ ಬಂಧುಗಳೊಬ್ಬರ ಬಳಿ ಹಳೆಯ ಅಂಬಾಸಿಡರ್ ಕಾರೊಂದುಂಟು. ತಂದೆಯವರ ಕಾಲದಿಂದ ಮನೆಯಲ್ಲಿರುವ ಗಾಡಿ. ಮಾರಲು ಅವರಿಗೆ ಮನಸ್ಸಿಲ್ಲ. ಕಳೆದ ವರ್ಷ ಕುಟುಂಬಸಮೇತರಾಗಿ ಬಿಸಿಲೆ ಘಾಟಿಯ ಮೂಲಕ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯುತ್ತಿದ್ದಾಗ, ನಡುದಾರಿಯಲ್ಲಿ ಬ್ರೇಕಿನ ಪೆಡಲು ನೆಲ ಮುಟ್ಟಿತು. ಗಿಯರನ್ನು ತಗ್ಗಿಸಿ, ಕೈಬ್ರೇಕನ್ನು ಎಳೆದು ಹೇಗೋ ಗಾಡಿಯನ್ನು ನಿಲ್ಲಿಸಿದರು. ಅರ್ಧ ಗಂಟೆ ಕಳೆದ ಮೇಲೆ ಒತ್ತಿ ನೋಡಿದರೆ ಪೆಡಲು ಎಂದಿನಂತೆಯೇ ಗಟ್ಟಿಯಾಗಿತ್ತು! ಊರಿಗೆ ಮರಳಿದವರು ನಮ್ಮನ್ನು ಕೇಳಿದ ಪ್ರಶ್ನೆ ಇದು: “ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು ಹಾಕಿಸಿಬಿಡಲೆ?”

ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ಹಳೆಯ ಅಂಬಾಸಿಡರು, ಪದ್ಮಿನಿಗಳನ್ನು ಅಕ್ಕರೆಯಿಂದ ಉಳಿಸಿಕೊಂಡಿರುವ ಇತರರ ಬಾಯಲ್ಲಿಯೂ ಈ ಪ್ರಶ್ನೆಯನ್ನು ನಾವು ಕೇಳಿದ್ದೇವೆ. ಹಾಕಿಸಬಹುದು. ಆದರೆ ಯಾವ ಪ್ರಯೋಜನಕ್ಕೆಂದು ತಿಳಿದು, ಕೆಲಸವನ್ನು ಪೂರ್ಣವಾಗಿ ಮಾಡಿಸಬೇಕು. ಅರೆಬರೆ ಡಿಸ್ಕಿಗಿಂತ ಸುಸ್ಥಿತಿಯಲ್ಲಿರುವ ಹಳೆಯ ಡ್ರಮ್ಮೇ ಮೇಲೆಂಬುದು ನಮ್ಮ ಅಭಿಪ್ರಾಯ.

ಡಿಸ್ಕ್ ಬ್ರೇಕಿನಿಂದ ಗಾಡಿ ಬೇಗ ನಿಲ್ಲುತ್ತದೆಂಬ ನಂಬಿಕೆ ಎಲ್ಲೆಡೆ ಇದೆ. ಇದು ಅರ್ಧಸತ್ಯ. ಬ್ರೇಕು ತಡೆಯುವುದು ಗಾಲಿಯನ್ನು. ಗಾಡಿಯನ್ನು ತಡೆಯುವುದು ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. ಸರಿಯಾಗಿ ಹೊಂದಿಸಿದ ಡ್ರಮ್ ಬ್ರೇಕು ಗಾಲಿಯನ್ನು ಪೂರ್ತಿ ಬಿಗಿಹಿಡಿದು ಜಾರಿಸಬಲ್ಲದು. ಅದಕ್ಕಿಂತ ಹೆಚ್ಚಿನದನ್ನು ಯಾವ ಬ್ರೇಕೂ ಮಾಡಲಾರದು. ಹೀಗಿರಲು, ಚನ್ನರಾಯಪಟ್ಟಣದ ಸಮತಟ್ಟಾದ ಹೆದ್ದಾರಿಯಲ್ಲಿ ಒಮ್ಮೆ ಬ್ರೇಕು ಹಾಕುವವನಿಗೆ ಹೊಸ ಡಿಸ್ಕಿಗಿಂತ ಹೊಸ ಟೈರಿನಿಂದಲೇ ಹೆಚ್ಚು ಲಾಭ.

ವ್ಯತ್ಯಾಸ ಕಾಣುವುದು ಹತ್ತನೆಯ ಸಲ, ಇಪ್ಪತ್ತನೆಯ ಸಲ ಬ್ರೇಕು ಹಾಕುವಾಗ. ಇಂಗ್ಲೆಂಡಿನ ಲಾಂಚೆಸ್ಟರ್ ಎಂಬಾತನು 1902ರಲ್ಲಿಯೇ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದಿದ್ದನು. ಆದರೆ ಅದರ ಬೆಲೆ ಲೋಕಕ್ಕೆ ತಿಳಿದದ್ದು 1953ರಲ್ಲಿ, ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕ್ ತೊಟ್ಟ ಜಾಗ್ವಾರ್ ಗೆದ್ದಾಗ. ಇಪ್ಪತ್ತನಾಲ್ಕು ಗಂಟೆ ಓಡುವ ಪಂದ್ಯದಲ್ಲಿ ದಣಿಯದ ಬ್ರೇಕಿಗೆ ಎಷ್ಟು ಬೆಲೆಯೆಂಬುದನ್ನು ಹೇಳಬೇಕಾಗಿಲ್ಲ.

ದಣಿವಿಗೆ ಕಾರಣ ಶಾಖ. ಜನರೂ ಸೇರಿ 1500 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 60 ಕಿಲೋಮೀಟರು ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 2 ಲಕ್ಷ ಜೂಲು. ಅದೇ ಕಾರು ಘಾಟಿಯಲ್ಲಿ 100 ಮೀಟರು ಎತ್ತರವನ್ನು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 15 ಲಕ್ಷ ಜೂಲು. ಎಂದರೆ, ಪ್ರತಿ ನೂರು ಮೀಟರು ಇಳಿತವೂ ಏಳು ಸಲ ಗಾಡಿಯನ್ನು ನಿಲ್ಲಿಸಿದುದಕ್ಕೆ ಸಮ. ಈ ಶಾಖವೆಲ್ಲ 20 ಕಿಲೋಗ್ರಾಂ ಕಬ್ಬಿಣದಲ್ಲಿಯೇ ಉಳಿದರೆ ಅದರ ಉಷ್ಣತೆ 160 ಡಿಗ್ರಿಯಷ್ಟು ಏರುತ್ತದೆ.

ಡ್ರಮ್ಮಿನಲ್ಲಿ ಶಾಖ ಹುಟ್ಟುವುದು ಒಳಮೈಯಲ್ಲಿ. ಅಲ್ಲಿಗೆ ಗಾಳಿ ಸುಳಿಯದು. ಕಾದ ಡ್ರಮ್ಮು ಹಿಗ್ಗಿ ಷೂಗಳಿಂದ ದೂರ ಸರಿಯುತ್ತದೆ; ಪೆಡಲು ಇನ್ನಷ್ಟು ಕೆಳಗಿಳಿಯುತ್ತದೆ. ತಿರುಗುವ ಡ್ರಮ್ಮೇ ಷೂವನ್ನು ತನ್ನತ್ತ ಸೆಳೆದುಕೊಂಡು ಹಿಡಿತವನ್ನು ಬಲಪಡಿಸುವ ಗುಣವೊಂದುಂಟಷ್ಟೆ. ಲೈನಿಂಗು ಕಾದು ಘರ್ಷಣೆ ಕುಗ್ಗಿದಾಗ ಈ ನೆರವೂ ಕುಗ್ಗಿ, ಒಂದು ನಷ್ಟ ಎರಡಾಗುತ್ತದೆ. ಡಿಸ್ಕಾದರೋ ಗಾಳಿಗೆ ಮೈಯೊಡ್ಡಿಕೊಂಡಿರುತ್ತದೆ. ಮಳೆಯಲ್ಲಿ ನೆನೆದರೂ ತಿರುಗುತ್ತಲೇ ನೀರನ್ನು ಕೊಡವಿಕೊಳ್ಳುತ್ತದೆ.

ಹಾಗಾದರೆ ನಮ್ಮ ಬಂಧುಗಳಿಗೆ “ಹಾಕಿಸಿ” ಎಂದು ಏಕೆ ಹೇಳಲಿಲ್ಲ? ತಣಿದೊಡನೆ ಪೆಡಲು ಗಟ್ಟಿಯಾಯಿತೆಂಬ ಮಾತು ನಮ್ಮ ಗಮನವನ್ನು ಬೇರೆಡೆಗೆ ಸೆಳೆಯಿತು. ಅವರು ಬ್ರೇಕಿನ ಎಣ್ಣೆಯನ್ನು ಬದಲಿಸಿ ಎಷ್ಟೋ ವರ್ಷಗಳಾಗಿದ್ದವು. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಅಂಚಿನಲ್ಲಿ ತೇವಕ್ಕೇನು ಕೊರತೆ! ಡಾಟ್ 3 ಎಂಬ ಬಗೆಯ ದ್ರವ ಹೊಸದಾಗಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದು. ನೂರಕ್ಕೆ ನಾಲ್ಕು ಭಾಗಕ್ಕಿಂತ ಕಡಿಮೆ ನೀರು ಸೇರಿದರೂ ಆ ಮಿತಿ 140ಕ್ಕೆ ಇಳಿಯಬಹುದು. ಕುದಿದಾಗ ಏಳುವ ಆವಿಯ ಗುಳ್ಳೆಗಳು ಒತ್ತಿದರೆ ಕುಗ್ಗುತ್ತವೆ. ಪೆಡಲಿನ ಒತ್ತಡ ಗಾಲಿಯನ್ನು ತಲುಪುವುದೇ ಇಲ್ಲ. ಇದಕ್ಕೆ ಡಿಸ್ಕು ಮದ್ದಲ್ಲ. ಹಳೆಯ ಎಣ್ಣೆಯಿದ್ದರೆ ಡಿಸ್ಕ್ ಬ್ರೇಕೂ ಹೀಗೆಯೇ ಕೈಕೊಡುತ್ತದೆ.

ಇನ್ನು ಅರೆಬರೆ ಕೆಲಸದ ಮಾತು. ಹೊಳೆನರಸೀಪುರದ ನಮ್ಮ ಸ್ನೇಹಿತರೊಬ್ಬರು ಕಾರ್ಖಾನೆಯೊಂದರಲ್ಲಿ ಬೇರೊಂದು ಕಾರಿನಿಂದ ಕಳಚಿದ ಡಿಸ್ಕು, ಕ್ಯಾಲಿಪರುಗಳನ್ನು ಹಾಕಿಸಿದರು. ಮಾಸ್ಟರ್ ಸಿಲಿಂಡರು ಹಳೆಯದೇ ಉಳಿಯಿತು. ಡ್ರಮ್ಮಿಗೆಂದು ಮಾಡಿದ ಸಿಲಿಂಡರಿನಲ್ಲಿ, ಕೊಳವೆಯೊಳಗೆ ತುಸು ಒತ್ತಡವನ್ನು ಸದಾ ಉಳಿಸುವ ಕವಾಟವಿರುವುದುಂಟು. ಷೂಗಳನ್ನು ಹಿಂದೆಳೆಯಲು ಸ್ಪ್ರಿಂಗುಗಳಿವೆ. ಡಿಸ್ಕಿನ ಪ್ಯಾಡುಗಳಿಗೆ ಅಂಥವಿಲ್ಲ. ಪರಿಣಾಮವಾಗಿ ಪ್ಯಾಡುಗಳು ಉಜ್ಜುತ್ತಲೇ ಇದ್ದು, ಹಾಸನ ಮುಟ್ಟುವಷ್ಟರಲ್ಲಿ ಗಾಲಿಗಳು ಸುಡುತ್ತಿದ್ದವು. ಡಿಸ್ಕಿಗೆ ತಾನಾಗಿ ಬಿಗಿದುಕೊಳ್ಳುವ ಗುಣವೂ ಇಲ್ಲದ್ದರಿಂದ ಕಾಲಿನ ಬಲ ಹೆಚ್ಚು ಬೇಕು; ಅದಕ್ಕೆ ಬೂಸ್ಟರು ಬೇಕು. ಅದಿಲ್ಲದೆ ಬಲವಾಗಿ ತುಳಿದರೆ ಮುಂದಿನ ಹಿಡಿತ ಸಾಲದೆ ಹಿಂದಿನ ಡ್ರಮ್ಮುಗಳು ಮೊದಲು ಬಿಗಿದುಕೊಂಡು, ಒದ್ದೆ ರಸ್ತೆಯಲ್ಲಿ ಗಾಡಿ ಅಡ್ಡ ತಿರುಗಬಹುದು.

ನಮಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಕ್ಯಾಲಿಪರನ್ನು ಹಿಡಿದಿಡುವ ಪಟ್ಟಿ. ಗಾಡಿಯನ್ನು ಜೋರಾಗಿ ನಿಲ್ಲಿಸುವಾಗ ಭಾರ ಮುಂದಕ್ಕೆ ವಾಲಿ, ಮುಂದಿನ ಒಂದೊಂದು ಟೈರಿನ ಮೇಲೂ 300 ಕಿಲೋಗ್ರಾಂ ತೂಕದಷ್ಟು ತಡೆಬಲ ಬೀಳುತ್ತದೆ. ಟೈರಿನ ತ್ರಿಜ್ಯ ಡಿಸ್ಕಿನ ಹಿಡಿತದ ತ್ರಿಜ್ಯಕ್ಕಿಂತ ಮೂರು ಪಾಲು ದೊಡ್ಡದು. ಆದುದರಿಂದ ಪಟ್ಟಿ ತಾಳಬೇಕಾದ ಬಲ ಒಂದು ಟನ್ನಿಗೆ ಸಮೀಪ. ನಮ್ಮ ಸ್ನೇಹಿತರ ಕಾರಿನಲ್ಲಿ ಅದು ಕೈಗೆ ಸಿಕ್ಕಿದ ತಗಡನ್ನು ಕತ್ತರಿಸಿ ವೆಲ್ಡ್ ಮಾಡಿದ ತುಂಡಾಗಿತ್ತು. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕನ್ನು ನಾವೇ ಕಂಡೆವು. ಪುಣ್ಯಕ್ಕೆ ಹಳೆಯ ಡ್ರಮ್ಮುಗಳನ್ನು ಅವರು ಗುಜರಿಗೆ ಹಾಕಿರಲಿಲ್ಲ. ಈಗ ಅವೇ ಮತ್ತೆ ಗಾಲಿಗಳಲ್ಲಿವೆ.

ಆ ಮಾದರಿಗೆಂದೇ ತಯಾರಾದ ಪಟ್ಟಿ, ಹೊಂದುವ ಮಾಸ್ಟರ್ ಸಿಲಿಂಡರು, ಬೂಸ್ಟರು ಇವೆಲ್ಲ ಒಟ್ಟಿಗೆ ದೊರೆತು, ಬಲ್ಲವರು ಜೋಡಿಸುವುದಾದರೆ, ಘಾಟಿಗೆ ಆಗಾಗ ಹೋಗುವವರು ಧಾರಾಳವಾಗಿ ಡಿಸ್ಕ್ ಹಾಕಿಸಲಿ. ಕಾರಿನ ಹಳೆತನ ಕೆಡುತ್ತದೆಂಬ ರಸಿಕರ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ. ಕಳಚಿದ ಭಾಗಗಳನ್ನು ಅಟ್ಟದ ಮೇಲಿಟ್ಟರಾಯಿತು.

ನಮ್ಮ ಬಂಧುಗಳು ಎಣ್ಣೆಯನ್ನೂ ರಬ್ಬರು ಕೊಳವೆಗಳನ್ನೂ ಬದಲಿಸಿ, ಷೂಗಳನ್ನು ಹೊಂದಿಸಿಕೊಂಡು ಈ ವರ್ಷವೂ ಕುಕ್ಕೆಗೆ ಹೋಗಿಬಂದರು. ಏರುವಾಗ ಬಳಸುವ ಗಿಯರಿನಲ್ಲಿಯೇ ಘಾಟಿಯನ್ನು ಇಳಿದರಂತೆ. ಡಿಸ್ಕಿನ ವಿಚಾರವನ್ನು ಮಳೆಗಾಲ ಮುಗಿದ ಮೇಲೆ ನೋಡೋಣವೆಂದಿದ್ದಾರೆ.