ಹೈಲಿ ಗುಬ್ಬಿಯ ಹೊಗೆ, ಇಟ್ಟಿಗೆ ಭಟ್ಟಿಯ ಹೊಗೆ

2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಸಿಡಿದಾಗ ಎಲ್ಲರದ್ದೂ ಒಂದೇ ಪ್ರಶ್ನೆ: ಆ ಹೊಗೆ ನಮ್ಮ ಕಡೆ ಬರುತ್ತಾ?

ಲೆಕ್ಕ ಹಾಕೋರು ಮೊದಲು ಕೇಳೋದು ಮೂರು: ಎಷ್ಟು ಗಂಧಕದ ಡೈಆಕ್ಸೈಡ್ ಹೊರಬಿತ್ತು, ಎಷ್ಟು ಎತ್ತರಕ್ಕೆ ಏರಿತು, ಆ ಎತ್ತರದಲ್ಲಿ ಗಾಳಿ ಯಾವ ಕಡೆಗೆ? ಅದು ಸುಮಾರು 14 ಕಿಲೋಮೀಟರ್ ಏರಿತ್ತು. ಹಾಗಾಗಿ ಗುಜರಾತ್, ರಾಜಸ್ಥಾನ, ದೆಹಲಿ ಮೇಲೆ ಹಾದು ಚೀನಾ ಕಡೆ ಹೋಯ್ತು. ವಿಮಾನಗಳಿಗೆ ತೊಂದರೆ ಆಯ್ತು, ನೆಲದ ಮೇಲಿನ ಉಸಿರಿಗೆ ಹೆಚ್ಚೇನಿಲ್ಲ.

ನಮ್ಮ ದೇಸೂರಿನ ಕಪ್ಪುಕಲ್ಲು ದಖ್ಖನ್ನಿನ ಲಾವಾ, ಸುಮಾರು 6.6 ಕೋಟಿ ವರ್ಷ ಹಳೇದು. ಅದರ ಅನಿಲ ಯಾವತ್ತೋ ಹೋಯ್ತು ಬಿಡಿ. ಆದ್ರೆ ಖಾನಾಪುರದ ಇಟ್ಟಿಗೆ ಭಟ್ಟಿಗಳ ಹೊಗೆ? ಅದು ಆಕಾಶಕ್ಕೆ ಏರಲ್ಲ. ಚಳಿಗಾಲದ ಬೆಳಗ್ಗೆ ತಣ್ಣನೆ ಗಾಳಿ ನೆಲಕ್ಕೆ ಅಂಟಿಕೊಂಡಿರುತ್ತೆ, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿರುತ್ತೆ. ಹೊಗೆ ನಮ್ಮ ಮೂಗಿನ ಮಟ್ಟದಲ್ಲೇ ಸುತ್ತುತ್ತೆ.

ಲೆಕ್ಕ ಅದೇ: ಪ್ರಮಾಣ, ಎತ್ತರ, ಗಾಳಿ. ನಾಲ್ಕು ಸಾವಿರ ಕಿಲೋಮೀಟರ್ ದೂರದ ಹೊಗೆಗೆ ಒಂದೇ ದಿನದಲ್ಲಿ ನಕ್ಷೆ ಬರುತ್ತೆ. ಪಕ್ಕದ ಭಟ್ಟಿಗೆ ಅನುಮತಿ ಕೊಡುವ ಮೊದಲು ಊರಿನವರ ಕೈಗೂ ಅಂಥದೊಂದು ನಕ್ಷೆ, ಕನ್ನಡದಲ್ಲಿ, ಕೊಡಬೇಕು. ಭಟ್ಟಿ ಮುಚ್ಚಿ ಅಂತಿಲ್ಲ, ಅದರ ಮೇಲೆ ಎಷ್ಟೋ ಮನೆ ನಡೀತಾವೆ. ಎಲ್ಲಿ ಇಡಬೇಕು ಅಂತ ಲೆಕ್ಕ ಹಾಕಿ ಇಡಿ ಅಂತಿದೀನಿ.

ನೀವೇನಂತೀರಿ?