ಐತಿಹಾಸಿಕ ಚಿತ್ರಕಥೆ: ಮೊದಲು ಹೆಸರೋ, ದಾಖಲೆಯೋ?

ದೇವನಹಳ್ಳಿ: 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ, ಮೈಸೂರು ಸೇನೆಯ ಮುತ್ತಿಗೆ, ಹೈದರಾಲಿಯ ಏಳಿಗೆ, ಟಿಪ್ಪುವಿನ ಜನನ, 1791ರಲ್ಲಿ ಕಾರ್ನ್‌ವಾಲಿಸನ ದಾಳಿ. ಒಂದು ಚಿತ್ರಕಥೆಗೆ ಬೇಕಾದುದೆಲ್ಲವೂ ದೇವನಹಳ್ಳಿಯ ಚರಿತ್ರೆಯಲ್ಲಿದೆ. ಆದರೆ ಇಲ್ಲಿ ಜನಿಸಿದ ಸುಲ್ತಾನನ ಕುರಿತು ರಾಜ್ಯದಲ್ಲಿ ಭಾರೀ ಸದ್ದು ಮಾಡಿದ್ದು, ತೆರೆಗೇ ಬಾರದ ಚಿತ್ರವೊಂದು.

2023ರ ಮಾರ್ಚ್‌ನಲ್ಲಿ, ಆಗ ಸಚಿವರಾಗಿದ್ದ ನಿರ್ಮಾಪಕ ಮುನಿರತ್ನ 'ಉರಿಗೌಡ ನಂಜೇಗೌಡ' ಎಂಬ ಹೆಸರಿನಲ್ಲಿ ಚಿತ್ರ ನಿರ್ಮಿಸಲು ಮುಂದಾದರು. 1799ರ ಮೇ 4ರಂದು ಟಿಪ್ಪುವನ್ನು ಕೊಂದವರು ಬ್ರಿಟಿಷರಲ್ಲ, ಈ ಇಬ್ಬರು ಒಕ್ಕಲಿಗ ವೀರರು ಎಂಬ ವಾದ ಅದರ ಹಿಂದಿತ್ತು. ಅದಕ್ಕೆ ಸಮಕಾಲೀನ ದಾಖಲೆ ಎಲ್ಲಿದೆ ಎಂದು ಇತಿಹಾಸಕಾರರು ಪ್ರಶ್ನಿಸಿದರು. ವಿಧಾನಸಭಾ ಚುನಾವಣೆ ಹೊಸ್ತಿಲಲ್ಲಿದ್ದುದರಿಂದ ಉತ್ತರ ರಾಜಕೀಯ ವೇದಿಕೆಗಳಿಂದ ಬಂದಿತು. ಕೊನೆಗೆ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರನ್ನು ಭೇಟಿಯಾದ ಬಳಿಕ ನಿರ್ಮಾಪಕರು ಚಿತ್ರವನ್ನು ಕೈಬಿಟ್ಟರು.

ಇದೇ ಟಿಪ್ಪುವಿನ ಕಥೆಯನ್ನು ಗಿರೀಶ ಕಾರ್ನಾಡರು ಇನ್ನೊಂದು ತುದಿಯಿಂದ ಹಿಡಿದಿದ್ದರು. ಸ್ವಾತಂತ್ರ್ಯದ 50ನೇ ವರ್ಷದ ಸಂದರ್ಭಕ್ಕೆ ಬಿಬಿಸಿಗಾಗಿ ಬರೆದ ಬಾನುಲಿ ನಾಟಕಕ್ಕೆ, ಟಿಪ್ಪು ಪಾರ್ಸಿಯಲ್ಲಿ ಬರೆದಿಟ್ಟಿದ್ದ ಕನಸುಗಳ ಹೊತ್ತಿಗೆ ಆಧಾರವಾಯಿತು. ಶ್ರೀರಂಗಪಟ್ಟಣದ ಪತನಾನಂತರ ದೊರೆತ ಆ ಹೊತ್ತಿಗೆ ಈಗ ಲಂಡನ್ನಿನಲ್ಲಿದೆ. ಸಂಭಾಷಣೆಗಳು ಕಲ್ಪನೆಯವೇ. ಆದರೆ ಇತಿಹಾಸಕಾರ ಕಿರ್ಮಾನಿಯನ್ನೂ ಬ್ರಿಟಿಷ್ ಅಧಿಕಾರಿ ಮೆಕೆಂಜಿಯನ್ನೂ ಮುಖಾಮುಖಿಯಾಗಿಸಿ, ಇತಿಹಾಸಕ್ಕೂ ಹೇಳುವವನೊಬ್ಬನಿರುತ್ತಾನೆ ಎಂಬುದನ್ನು ನಾಟಕ ಮರೆಮಾಚಲಿಲ್ಲ.

ದಾಖಲೆಯಿದ್ದ ಮಾತ್ರಕ್ಕೆ ವಿವಾದ ತಪ್ಪುತ್ತದೆಂದಲ್ಲ. 2015ರ ನವೆಂಬರ್‌ನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಬದಲು ಟಿಪ್ಪು ಹೆಸರು ಸೂಕ್ತವಾಗುತ್ತಿತ್ತೆಂದು ನುಡಿದ ಕಾರ್ನಾಡರು ಕ್ಷಮೆ ಯಾಚಿಸಬೇಕಾಯಿತು. ಆದರೆ ಅದು ಭಾಷಣದ ಮಾತಿಗೆ ಎದ್ದ ವಿರೋಧ.

ಕೊರತೆ ಇರುವುದು ವ್ಯವಸ್ಥೆಯಲ್ಲಿ. ವಾಣಿಜ್ಯ ಮಂಡಳಿಯ ಶೀರ್ಷಿಕೆ ನೋಂದಣಿ ಹೆಸರನ್ನು ಕಾಯುತ್ತದೆಯೇ ಹೊರತು ಕಥೆಯ ಸತ್ಯಾಸತ್ಯತೆಯನ್ನಲ್ಲ. ಸೆನ್ಸಾರ್ ಮಂಡಳಿ ನೋಡುವುದು ಸಿದ್ಧಗೊಂಡ ಚಿತ್ರವನ್ನು. ನಡುವೆ ದಾಖಲೆಗಳ ಪರಿಶೀಲನೆಗೆ ಜಾಗವೇ ಇಲ್ಲ. ಹಾಗಾಗಿ ಆ ಕೆಲಸ ಬೀದಿಗೆ, ಮಠಕ್ಕೆ, ನ್ಯಾಯಾಲಯಕ್ಕೆ ಬರುತ್ತದೆ. 1990ರಲ್ಲಿ ಆರಂಭವಾದ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಗೂ ಇದು ಕಾಲ್ಪನಿಕ ಎಂಬ ಸೂಚನೆ ಸೇರಿದ್ದು ವಿವಾದದ ನಂತರವೇ.

ದಾಖಲೆ ಮೌನವಾಗಿರುವ ಕಡೆ ಕಲ್ಪಿಸಿಕೊಳ್ಳುವ ಹಕ್ಕು ಚಿತ್ರಕಥೆಗಾರನಿಗಿದೆ. ಯಾವುದು ಕಲ್ಪನೆ ಎಂದು ತಿಳಿಯುವ ಹಕ್ಕು ಪ್ರೇಕ್ಷಕನಿಗೂ ಇದೆ. ಇತಿಹಾಸಕಾರನನ್ನು ಮುಹೂರ್ತಕ್ಕೆ ಅತಿಥಿಯಾಗಿ ಕರೆಯುವ ಬದಲು, ಕಥೆಯ ಮೊದಲ ಪುಟ ಬರೆಯುವಾಗಲೇ ಜತೆಗೆ ಕೂರಿಸಿಕೊಂಡರೆ ಇವೆರಡೂ ಉಳಿದಾವು.